ಅಂಗಿಯ ಹೊರಗೆ ಎರಡು ಮೊಳೆ

ಕೊರಳು ಕೊಡು ಇಲ್ಲಿ, ಉಸ್ತಿನ್ಯಾ.
ಶಿಲುಬೆ ಅಂಗಿಯ ಒಳಗಿರಲಿ, ಅದರ ಜಾಗ ಅದೇ.
ಮೊಳೆಗಳು ಹೊರಗೆ.
ದೇವರಾದರೆ ಹುಡುಕಿಕೊಂಡು ಬರುತ್ತಾನೆ,
ಮೊಳೆ ಬರುವುದಿಲ್ಲ.
ಏಳು ಗುಂಡಿ ಬಿಚ್ಚಿ ತೆಗೆಯುವ ಹೊತ್ತಿಗೆ
ಬೆರಳುಗಳು ನಿನ್ನವಾಗಿರುವುದಿಲ್ಲ.

ಮುರಿದ ಗುದ್ದಲಿಯ ಕಾವು ಇದು, ನಿನ್ನ ತಾತ ಕೊಯ್ದದ್ದು,
ಎರಡು ತುಂಡು, ಗೇಣಿಗಿಂತ ಚಿಕ್ಕವು.
ತುದಿಗೆ ಮೊಳೆ ಹೊಡೆದು, ಮೊಳೆಯ ತಲೆ ಕತ್ತರಿಸಿ,
ಅರದಿಂದ ಉಜ್ಜಿದ್ದು.
ಬಿರಡೆ ಮಾತ್ರ ಹೊಸದು,
ಹೋದ ಬೇಸಿಗೆ ನಿನ್ನಕ್ಕನ ಮದುವೆಯ ಬಾಟಲಿಯದು.

ಪೈಪ್ಸಿ ಸರೋವರ ಹೆಪ್ಪುಗಟ್ಟಿದಾಗ ಹೊಲದ ಹಾಗಿರುತ್ತದೆ,
ರಷ್ಯದ ದಡದ ತನಕ ಉತ್ತುಬಿಡಬಹುದು ಅನ್ನಿಸುತ್ತದೆ.
ನಂಬಬೇಡ. ಕುಟ್ಟಿ ಕೇಳು.
ನೀಲಿ ಮಂಜು ಗಂಟೆಯ ಹಾಗೆ ಓಗೊಡುತ್ತದೆ, ಒಳ್ಳೆಯದು.
ಬಿಳಿಯದು ಗೊಣಗುತ್ತದೆ.
ಬೂದಿ ಬಣ್ಣದ್ದು
ಏನೂ ಹೇಳುವುದಿಲ್ಲ.

ಅವತ್ತು ಗಾಡಿ ಕೆಟ್ಟಿತ್ತು,
ಟ್ರಾಕ್ಟರಿನ ಟ್ಯೂಬು, ಮೋಟರ್‌ಸೈಕಲ್ಲಿನ ಎಂಜಿನ್ನು,
ಎವ್ಸ್ತಾಫಿ ಕಟ್ಟಿದ ಕರಕಾಟ್, ಕೆಡದೆ ಇನ್ನೇನು.
ಮೀನಿನ ಬಕೆಟ್ಟು ಹಿಡಿದು ನಡೆದೇ ಹೊರಟೆ.
ಹೆಜ್ಜೆಗೊಮ್ಮೆ ಹಾರೆಯಿಂದ ಕುಟ್ಟಬೇಕು.
ಕುಟ್ಟುತ್ತಲೂ ಇದ್ದೆ,
ಈರುಳ್ಳಿಯ ಬೆಲೆ ನೆನಪಾಗುವ ತನಕ.
ಎಂಟು ಹೆಜ್ಜೆ ಕುಟ್ಟದೆ ನಡೆದೆ.
ಒಂಬತ್ತನೆಯದು ಇರಲಿಲ್ಲ.

ಮೊದಲ ನಿಮಿಷ ಉಸಿರಿಗೆ ಮಾತ್ರ, ತಿಳಿಯಿತೆ?
ನೀರು ಎದೆ ಹಿಂಡಿ ಕೂಗು, ಕೂಗು ಅನ್ನುತ್ತದೆ.
ಕೂಗಬೇಡ. ಊದು,
ಬಸಿಗೆ ಸುರಿದ ಚಹಾ ಆರಿಸುವ ಹಾಗೆ, ಸಾವಕಾಶ.
ಆಮೇಲೆ ಹತ್ತು ನಿಮಿಷ
ಕೈಕಾಲು ನಿನ್ನ ಮಾತು ಕೇಳುತ್ತವೆ.
ಹತ್ತು ನಿಮಿಷ ಅಂದರೆ ದೊಡ್ಡದು,
ಒಂದು ಜಡೆ ಈರುಳ್ಳಿ ಹೆಣೆದು ಮುಗಿಸಬಹುದು.

ನಾನು ಊರ ಕಡೆಗೇ ಈಜಿದೆ.
ನಮ್ಮ ಹೊಗೆಗೂಡು ಕಾಣುತ್ತಿತ್ತು, ಹೊಗೆಯೂ.
ಕೈಯಿಟ್ಟಲ್ಲೆಲ್ಲ ಅಂಚು ಮುರಿಯಿತು
ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ.
ಆಗ ಕಿವಿಯಲ್ಲಿ ಅಪ್ಪನ ಬೈಗುಳ:
ಕತ್ತೆ, ಬಂದ ಕಡೆಗೆ ತಿರುಗು!
ಈಗಷ್ಟೇ ನಿನ್ನ ಭಾರ ಹೊತ್ತದ್ದು ಅದೊಂದೇ.
ತಿರುಗಿದೆ.
ಮನೆಯ ಹೊಗೆಗೆ ಬೆನ್ನು ಹಾಕಿದೆ.
ಅಷ್ಟು ಕಷ್ಟದ ಕೆಲಸ ಇನ್ನೊಂದು ಮಾಡಿಲ್ಲ ನಾನು,
ನಿನ್ನ ಚಿಕ್ಕಪ್ಪನನ್ನು ಮದುವೆಯಾದದ್ದೂ ಸೇರಿ.

ಮೊಳೆ ಊರು, ಕಾಲು ಬಡಿ, ಹೊಟ್ಟೆಯ ಮೇಲೆ ಜಾರು.
ಮೇಲೆ ಬಂದೆನೆಂದು ಎದ್ದು ನಿಲ್ಲಬೇಡ,
ನಿಂತವರನ್ನು ಎರಡನೆಯ ಸಲ ನುಂಗುತ್ತದೆ.
ಉರುಳು. ಮಾನ ಮರ್ಯಾದೆಯೆಲ್ಲ ದಡ ಸೇರಿದ ಮೇಲೆ.
ಉರುಳುತ್ತ ಉರುಳುತ್ತ ನೋಡುತ್ತೇನೆ,
ಲುಕೇರ್ಯಾ! ಬೇಲಿಯ ಜಗಳಕ್ಕೆ
ಆರು ವರ್ಷ ಮಾತು ಬಿಟ್ಟವಳು,
ಹೊಟ್ಟೆಯ ಮೇಲೆ ತೆವಳುತ್ತ ಬಂದು
ಚೀಲ ಕಟ್ಟುವ ಹಗ್ಗ ಬೀಸಿ ಎಸೆದಳು.
‘ಹಿಡಿ’ ಅಂದಳು.
ಅಷ್ಟೇ. ಬೇಲಿ ಈಗಲೂ ಅಲ್ಲೇ ಇದೆ.

ಯಾರಾದರೂ ವೋಡ್ಕಾ ತಂದರೆ ಬೇಡ ಅನ್ನು.
ಮೈ ಉಜ್ಜಲು ಬಂದರೆ ಕೈ ತಳ್ಳು.
ಒಣಬಟ್ಟೆ, ಕಂಬಳಿ, ಸಕ್ಕರೆ ಹಾಕಿದ ಚಹಾ.
ಅಳು ಬಂದರೆ ಅಳು, ಅದು ಬೆಚ್ಚಗಿರುತ್ತದೆ.

ನಗಬೇಡ. ಎವ್ಸ್ತಾಫಿಯೂ ನಕ್ಕಿದ್ದ.
ಅವನ ಕೋಟಿಗೆ ಏಳು ಗುಂಡಿ.
ಏಪ್ರಿಲ್‌ನಲ್ಲಿ ಸಿಕ್ಕಾಗ
ಮೂರು ಬಿಚ್ಚಿದ್ದವು.

ಹೋಗು, ಅವರು ಕಾಯುತ್ತಿದ್ದಾರೆ.
ಬಾಗಿಲ ಹಿಂದೆ ಇನ್ನೊಂದು ಮೊಳೆಯಿದೆ, ಬರೀ ಗೋಡೆಯದು.
ಕತ್ತಲಾಗುವ ಮುಂಚೆ ಇವನ್ನು ತಂದು ಅದಕ್ಕೆ ತಗಲಿಸು.
ಬಿರಡೆ
ಹಾಕಿದ ಹಾಗೇ ಇರಲಿ.