ಹನ್ನೊಂದು ಸೆಕೆಂಡು

ಮಂಡಕ್ಕಿ ಭಟ್ಟಿಯ ಹೊಗೆ
ಕ್ಯಾಸೆಟ್ಟಿನೊಳಗೂ ಇಳಿಯುತ್ತದೆ.
ವಾರಕ್ಕೊಮ್ಮೆ ವಿಸಿಆರ್ ಬಿಚ್ಚಿ
ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಹೆಡ್ಡು ಒರೆಸಿದರೆ
ಹತ್ತಿಯೆಲ್ಲ ಕಾಡಿಗೆ.
ದಾವಣಗೆರೆಯಲ್ಲಿದ್ದು ಹತ್ತಿಗೇನು ಬರ, ಅಂತಿದ್ದರು ಅಬ್ಬಾ.
ಅವರ ಮಿಲ್ಲು ಆಗಲೇ ಮುಚ್ಚಿತ್ತು.

ಬುಧವಾರ ರಾತ್ರಿ ಏಳೂವರೆಗೆ
ಗಡಿಯಾರ ರಿಪೇರಿಯ ಮುದುಕನ ಧಾರಾವಾಹಿ.
ಹದಿಮೂರೇ ವಾರ.
ಕಥೆ ಅಂತ ಹೇಳಿಕೊಳ್ಳುವಂಥದ್ದೇನಿಲ್ಲ:
ಯಾರೋ ಗಡಿಯಾರ ಬಿಟ್ಟುಹೋಗುತ್ತಾರೆ,
ವಾಪಸು ಬರುವುದಿಲ್ಲ,
ಅವನು ದಿನಾ ಅದಕ್ಕೆ ಕೀಲಿ ಕೊಡುತ್ತಾನೆ.
ನನಗಾಗ ಹದಿನೇಳು.
ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಅವನು ತಲೆ ತಗ್ಗಿಸಿದರೆ
ಇಲ್ಲಿ ನಾನು ಉಸಿರು ಹಿಡಿಯುತ್ತಿದ್ದೆ.

ಚೌಕಿಪೇಟೆಯಲ್ಲಿ ಖಾಲಿ ಕ್ಯಾಸೆಟ್ಟಿಗೆ ನೂರಿಪ್ಪತ್ತು.
ಭಟ್ಟಿಯಲ್ಲಿ ವಾರದ ಕೂಲಿ ಅಷ್ಟಿರಲಿಲ್ಲ.
ಏಳು ಕಂತು ಒಂದರಲ್ಲೇ ಹಿಡಿಸಿದೆ.
ಎಂಟನೆಯದಕ್ಕೆ, ಇನ್ನರ್ಧ ಗಂಟೆ ಇದೆ ಅನ್ನುವಾಗ,
ಟ್ರಂಕು ತೆಗೆದು
ಖೈರುನ್ನೀಸಾ ಅಕ್ಕನ ಮದುವೆ ಎತ್ತಿಕೊಂಡೆ.
ಅಳಿಸಬಾರದೆಂದು ಸ್ಟುಡಿಯೋದವರು
ಕ್ಯಾಸೆಟ್ಟಿನ ಕಿವಿ ಮುರಿದು ಕೊಟ್ಟಿದ್ದರು.
ಆ ತೂತಿಗೆ ಸೈಕಲ್ ಟ್ಯೂಬಿನ ತೇಪೆ ಹಚ್ಚಿದೆ.
ಕೆಂಪು ಗುಂಡಿ ಒತ್ತುವಾಗ ಕೈ ನಡುಗಿತು ಅಂದರೆ ಸುಳ್ಳು.

ಮೊದಲ ಬುಧವಾರ ಮೆಹಂದಿ ಹೋಯಿತು.
ಮುಂದಿನ ವಾರ ಬರಾತು.
ಆಮೇಲೆ ಖಾಜಿ ಸಾಹೇಬರು, ಅವರ ರಿಜಿಸ್ಟರು,
ಮೂರು ಸಲ ಕೇಳಿದ ಪ್ರಶ್ನೆ,
ಮೂರು ಸಲ ಅಲುಗಿದ ಮುಸುಕು.
ಊಟಕ್ಕೆ ಕೂತವರ ಸಾಲು ಅಳಿಯುವುದಕ್ಕೇ ಎರಡು ಕಂತು ಹಿಡಿಯಿತು.

ಎರಡು ವರ್ಷಕ್ಕೆ ಅಕ್ಕ ಹರಪನಹಳ್ಳಿಯಿಂದ ವಾಪಸು ಬಂದಳು,
ಒಂದು ಚೀಲ, ಒಂದು ಹೊಲಿಗೆ ಮಿಷನ್ನು.
ಕ್ಯಾಸೆಟ್ಟಿನ ಸಂಗತಿ ನಾನೇ ಬಾಯಿಬಿಟ್ಟೆ.
ಮೆಣಸಿನಕಾಯಿ ಕರಿಯುತ್ತಿದ್ದವಳು ಜಾಲರಿ ಸೌಟು ಹಿಡಿದೇ ನಕ್ಕಳು,
'ನೀನಾದರೂ ಅಳಿಸಿದೆಯಲ್ಲೋ,
ವಕೀಲರ ಕೈಲಿ ಇನ್ನೂ ಆಗಿಲ್ಲ.'

ಮೊನ್ನೆ ಮೊನ್ನೆ ಮಗಳು ಆಫ್ರೀನ್ ಫೋನು ಚಾಚಿದಳು,
'ಅಬ್ಬಾ, ನಿಮ್ಮ ಗಡಿಯಾರದವನು ಸಿಕ್ಕ.'
ತೊಳೆದಿಟ್ಟಂತೆ ಇದ್ದ.
ಉಗುರಿನ ಸಂದಿಯ ಕೊಳೆ ಕಾಣುತ್ತಿತ್ತು,
ಗೋಡೆಯ ಕ್ಯಾಲೆಂಡರಿನ ತಿಂಗಳು ಓದಬಹುದಿತ್ತು.
ಇಷ್ಟು ವರ್ಷ ಅವನು ಮಂಜಿನಲ್ಲಿ ಕೂತಿದ್ದಾನೆಂದುಕೊಂಡಿದ್ದೆ.
ಒಪ್ಪುತ್ತೇನೆ, ನನ್ನದಕ್ಕಿಂತ ಚೆನ್ನಾಗಿತ್ತು.
ಕೊನೆಯ ಕೀಲಿ ತಿರುಗಿ ಕೈ ನಿಂತಿತೋ ಇಲ್ಲವೋ,
ಮೂಲೆಯಲ್ಲಿ ಐದು, ನಾಲ್ಕು, ಮೂರು
ಯಾರದೋ ಕೊಲೆ ಶುರುವಾಯಿತು.

ರಂಜಾನ್ ಮುಗಿಯುವಷ್ಟರಲ್ಲಿ ಅವನಿಲ್ಲ.
ಅಂಗಡಿ ಮುಚ್ಚಿದೆ ಅಂತ ಬಾಗಿಲಿಗೊಂದು ಚೀಟಿಯೂ ಇಲ್ಲ.
'ಇನ್ನೊಂದರಲ್ಲಿ ಬರ್ತಾನೆ ಬಿಡಿ' ಅಂದಳು ಮಗಳು.
ಬರಬಹುದು.

ನನ್ನದರಲ್ಲಿ ಹದಿಮೂರನೆಯದು ಮುಗಿದರೆ ಗುಯ್ ಅನ್ನುವ ಬಿಳಿ.
ಕೆಳಗಿಂದ ಮೇಲಕ್ಕೊಂದು ಗೆರೆ ಹರಿಯುತ್ತದೆ.
ಆಮೇಲೆ ಹಸಿರು ಶಾಮಿಯಾನ,
ಯಾರದೋ ಮೊಣಕೈ,
ಅದರ ಹಿಂದೆ ಹತ್ತೊಂಬತ್ತರ ಅಕ್ಕ
ದುಪಟ್ಟಾ ಜಾರಿದ್ದು ಗೊತ್ತಿಲ್ಲದೆ
ಬಾಯ್ತುಂಬ ಏನನ್ನೋ ಜಗಿಯುತ್ತಿದ್ದಾಳೆ.
ಕ್ಯಾಮೆರಾ ಕಂಡು, ಅಯ್ಯೋ, ಅಂಗೈ ಅಡ್ಡ.
ಕತ್ತಲೆ.
ಹನ್ನೊಂದು ಸೆಕೆಂಡು. ಎಣಿಸಿದ್ದೇನೆ.

ಹೊಲಿಗೆಯವರು ಬಾರದ ಮಧ್ಯಾಹ್ನ ಅಕ್ಕ ಬಂದು ಕೂರುತ್ತಾಳೆ.
'ಹಾಕು.'
ಸೀದಾ ಕೊನೆಗೆ ಓಡಿಸಲೇ ಅಂದರೆ ಬೇಡ ಅನ್ನುತ್ತಾಳೆ,
'ಆ ಮುದುಕನೂ ಇರಲಿ, ಪಾಪ.'
ತನ್ನ ಅಂಗೈ ಪರದೆ ತುಂಬಿದಾಗ ಮುಂದಕ್ಕೆ ಬಾಗುತ್ತಾಳೆ:
'ಏನು ತಿಂತಿದ್ದೆನೋ ಅವತ್ತು?
ಇನ್ನೊಂದ್ಸಲ ಹಾಕು.'

ಈಚೆಗೆ ಹತ್ತಿಯಲ್ಲಿ ಕಪ್ಪಿನ ಜೊತೆ
ಒಂದಿಷ್ಟು ಕಂದು ಬರುತ್ತಿದೆ.
ಕಪ್ಪು ಭಟ್ಟಿಯದು.
ಕಂದು ಟೇಪಿನದೇ.
ಮುದುಕನದೋ ಶಾಮಿಯಾನದ್ದೋ
ಬಿಸಿಲಿಗೆ ಹಿಡಿದು ನೋಡಿದರೂ ತಿಳಿಯುವುದಿಲ್ಲ.
ಆ ಹತ್ತಿಯನ್ನು ನಾನು ಎಸೆಯುತ್ತಿಲ್ಲ.