ಉಳಿದ ನಾಕು

ಮೂವತ್ತಾರು ಫೋಟೋದ ರೀಲಿನ್ಯಾಗ
ಲಗ್ನಕ್ಕ ಮೂವತ್ತೆರಡು ಸಾಕು ಅಂತಿದ್ದ ಮಶಾಕ್ ಮಾಮಾ.
ಉಳಿದ ನಾಕು ಗಂಜಿಂದು.

ಅಕ್ಕಿಕಾಳು ಬಿದ್ದು, ಪಂಕ್ತಿ ಎದ್ದು,
ಮದುಮಗಳು ಅತ್ತು ಟೆಂಪೋ ಹತ್ತಿದ ಮ್ಯಾಲ
ಕ್ಯಾಮೆರಾಕ್ಕ ಹಸಿ ಟವೆಲ್ ಸುತ್ತಿ, ಕೂಸಿಗಿ ಸುತ್ತಿದಂಗ,
ಸ್ಟೇಷನ್ ರೋಡ ಹಿಡದು ನಡಕೋತ ಬರ್ತಿದ್ದ.
ಕಲಬುರಗಿ ಬಿಸಿಲಿಗಿ ಫಿಲ್ಮೂ ಬೆವರ್ತದ ಅಂತಿದ್ದ.

ನಾನಾಗ ಲಾರಿಗಳ ನಂಬರ್ ಪ್ಲೇಟು ಬರಿಯೋ ಹುಡುಗ.
ಹಳದಿ ಮ್ಯಾಲ ಕರಿ, ದಿನಕ್ಕ ಹತ್ತು.
ಬಣ್ಣದ ಡಬ್ಬಿ ಬೋರಲು ಹಾಕಿ ಕುಂತು ಮಾಮಾ ಹೇಳ್ತಿದ್ದ:
"ಚಂದ ಕಾಣ್ಲಿಕ್ಕ ಮಂದಿ ರೊಕ್ಕ ಕೊಡ್ತಾರಪಾ,
ಕಂಡದ್ದು ತೆಗೀಲಿಕ್ಕ ನಾನೇ ಕೊಡಬೇಕು."

ಏನು ಕಂಡಿದ್ದ?
ಹಮಾಲ ಬಂಡೆಪ್ಪನ ಬೆನ್ನು, ಅದರ ಮ್ಯಾಲ ಗೋಣಿಯ ನೇಯ್ಗಿ,
ಅಂಗಿ ತೆಗದರೂ ಚೀಲ ಇಳಿದಿಲ್ಲ ಅನ್ನಂಗ.
ತಕ್ಕಡಿಯೊಳಗ ಮಲಗಿದ ನಾಯಿ,
ಎದುರಿನ ತಟ್ಟಿಯೊಳಗ ಐವತ್ತರ ಕಲ್ಲು.
ದಾಲ್ ಮಿಲ್ಲಿನ ಧೂಳು ರೆಪ್ಪಿ ಮ್ಯಾಲ ಕುಂತು
ಇಪ್ಪತ್ತಕ್ಕೇ ಮುದುಕಾದ ಒಬ್ಬ. ಹೆಸರು ಹೇಳ್ಲಿಲ್ಲ, ಬೀಡಿ ಕೇಳಿದ.
ಒಂದಿನ ಪೊಲೀಸರ ಲಾಠಿ. ಫೋಟೋದಾಗ ಲಾಠಿ ಇಲ್ಲ.
ನೆಲದ ಮ್ಯಾಲ ಮೂರು ಚಪ್ಪಲಿ,
ಮೂರೂ ಎಡಗಾಲಿನವು.

ಮಾಮಾ ಹೋಗಿ ಎಂಟು ವರ್ಷ.
ಸ್ಟುಡಿಯೋ ಈಗ ಝೆರಾಕ್ಸ್ ಅಂಗಡಿ.
ರದ್ದಿಯವ ತೂಕಕ್ಕ ಹಾಕೋ ಮುಂದ
ಬಿಸ್ಕೀಟಿನ ಡಬ್ಬಿಯೊಂದು ನಾನು ತಗೊಂಡೆ,
ನೂರಾ ಇಪ್ಪತ್ತು ರೂಪಾಯಿ.
ಒಳಗ ಪಾಕೀಟು. ಪಾಕೀಟಿನ ಮ್ಯಾಲ ಪೆನ್ಸಿಲ್ಲಿಲೆ
ತಾರೀಕಿಲ್ಲ, ಹೆಸರಿಲ್ಲ, ಒಂದೇ ಮಾತು:
ಕೇಳೀನಿ.
ಇಲ್ಲಾಂದ್ರ
ಕೇಳಿಲ್ಲ.

ಕೇಳಿಲ್ಲ ಅಂದವು ಒಂದೂ ಕಾಗದಕ್ಕ ಇಳಿಸಿಲ್ಲ ಅಂವ.

ಅಂಥಾದೊಂದರಾಗ ನಮ್ಮವ್ವ.
ಲಾರಿ ಬುಡಕ ಬಗ್ಗಿ, ಚೆಲ್ಲಿದ ತೊಗರಿ ಗೂಡಿಸಿ,
ಮಣ್ಣು ಬ್ಯಾರೆ ಕಾಳು ಬ್ಯಾರೆ ಮಾಡಿ
ನಮ್ಮ ಸಂಜಿಗಿ ಬ್ಯಾಳಿ ಮಾಡ್ತಿದ್ದ ಅವ್ವ.
ಆ ಜಗಳ ನನಗ ನೆನಪದ.
"ಕಣ್ಣಿಲ್ಲೇನು ನಿನಗ!" ಅಂತ ಚೀರಿ
ಒಂದು ಬೊಗಸಿ ಹೊಟ್ಟು ಅವನ ಮಾರಿಗಿ ಉಗ್ಗಿದ್ಲು.
ಮಾಮಾ ಕೆಮ್ಮಿದ. ಮರುದಿನ ಬಂದು ಕೈ ಮುಗಿದು ಹೋದ.
ಬಟನ್ ಒತ್ತ್ಯಾನ ಅಂತ ನನಗ ಗೊತ್ತಿರಲಿಲ್ಲ.

ಅವತ್ತಿನ ಲಗ್ನ ಉದ್ದಾಗಿತ್ತೇನೋ,
ಗಂಜಿಗಿ ಉಳಿದದ್ದು ಒಂದೇ. ಅದೂ ಪೂರಾ ಅಲ್ಲ.
ರೀಲು ಮುಗಿದು ಹಲ್ಲಿಗಿ ಸಿಕ್ಕು ಅರ್ಧಕ್ಕೇ ನಿಂತದ,
ಹಿಂದಿನ ಫೋಟೋದ ಮದುಮಗಳು ಈಚಿ ಬಂದಾಳ:
ಬಾಸಿಂಗ, ಒಂದು ಕಿವಿ, ಟೆಂಪೋದ ಕಿಡಕಿ.
ಅವ್ವನ ಕೈಯಾನ ಹೊಟ್ಟು
ಆಕಿ ನೆತ್ತಿ ಮ್ಯಾಲ ಬೀಳ್ಲಿಕತ್ತದ,
ಅಕ್ಕಿಕಾಳಿನಂಗ.

ಪಟ್ಟಿ ಒಯ್ದು ಅವ್ವನ ಕೈಯಾಗ ಕೊಟ್ಟೆ.
ಬಾಗಲಿಗಿ ಬಂದು ಬಿಸಿಲಿಗಿ ಹಿಡದ್ಲು.
ಆಗಿನ ಕರಿ ಕೂದಲ ನೆಗೆಟಿವದಾಗ ಬೆಳ್ಳಗ,
ಈಗ ಇದ್ದಂಗೇ.
"ಸತ್ತ ಮ್ಯಾಲ ಬಂದು ತೆಗದಂಗದ ಮೂಳ," ಅಂದ್ಲು.
"ಕಸಬರಗಿ ಮಾತ್ರ ಚಲೋ ಬಂದದ."

ಆಮ್ಯಾಲ ಭಾಳ ಹೊತ್ತು ಮಾತಿಲ್ಲ.
ಕೈ ನೋಯ್ತದ ಅಂತ ಎಡಗೈಗಿ ಬದಲಿಸಿದ್ಲು.
"ಈ ಹುಡುಗಿ ಯಾರಾಕಿ?"
ಗೊತ್ತಿಲ್ಲಬೇ.
"ಮಂದಿ ಮಗಳ ತಲಿ ಮ್ಯಾಲ ಹೊಟ್ಟು ಹಾಕೀನಿ.
ಹೋಗಿ ಕೇಳಿ ಬಾ."

ಮೂರು ತಿಂಗಳಾತು.
ಬ್ರಹ್ಮಪುರ ಆತು, ಶಹಾಬಜಾರ ಆತು.
ಬಾಸಿಂಗ ನೋಡಿ ಒಬ್ಬಾಕಿ, ನಮ್ಮ ನೆಗೆಣ್ಣಿ ಇರಬೇಕು ಅಂದ್ಲು.
ನೆಗೆಣ್ಣಿ ಬಂದು ನಕ್ಕು, ನನ್ನ ಕಿವಿ ಹಿಂಗದೇನು ಅಂದು ಹೋದ್ಲು.
ಹೊರಗ ಬರ್ರಿ, ಬಿಸಿಲಿಗಿ ಹಿಡೀರಿ ಅಂತೀನಿ.
ಹಿಡೀತಾರ.
ಎಲ್ಲಾರೂ ಮೊದಲು ಅವ್ವನ್ನೇ ನೋಡಿ
ಈಕಿ ಯಾರು ಅಂತ ಕೇಳ್ತಾರ.