ಹಸಿರು ಸೀಮೆಸುಣ್ಣ

ಒಂಬತ್ತನೇ ಕ್ಲಾಸಿನ ಗೋಡೆಯ ಮೇಲೆ
ಯಾವನೋ ಪೇಂಟರು ನೀಲಿಯಲ್ಲಿ ಬರೆದು ಹೋಗಿದ್ದಾನೆ:
ಊಟ ಬಲ್ಲವನಿಗೆ ರೋಗವಿಲ್ಲ.
ಅದರ ಕೆಳಗೆ ನಿಂತು ನಾನು, ವಿಜ್ಞಾನದ ಮಿಸ್ಸು,
ಹನ್ನೊಂದು ವರ್ಷದಿಂದ ಅದೇ ತಟ್ಟೆ ಬರೆಯುತ್ತೇನೆ,
ದುಂಡಗೆ, ನಾಲ್ಕು ಪಾಲು ಮಾಡಿ,
ಪಕ್ಕದಲ್ಲಿ ಒಂದು ಲೋಟ ಹಾಲು,
ನೊರೆ ಸಮೇತ.

ಹುಲಿಗೆಮ್ಮ ಕೈ ಎತ್ತಿದಳು.
ಯಾದಗಿರಿ ಕಡೆಯವಳು, ಮಾರತಹಳ್ಳಿ ಹಿಂದಿನ
ತಗಡಿನ ಶೆಡ್ಡುಗಳಿಂದ ಬರುತ್ತಾಳೆ.
"ಬಲ್ಲೇವ್ರಿ ಮಿಸ್," ಅಂದಳು. "ಸಿಗಂಗಿಲ್ಲ."

ಕ್ಲಾಸು ನಕ್ಕಿತು. ನಾನೂ ನಕ್ಕೆ.
ನಕ್ಕಾದ ಮೇಲೆ ಏನು ಹೇಳಬೇಕೋ ತೋಚದೆ
ಹಾಲಿನ ಲೋಟ ಒರೆಸಿದೆ.

ಶನಿವಾರ ಪುಸ್ತಕ ಮುಚ್ಚಿಸಿ ಕಳಿಸಿದೆ:
ಮನೆಯಿಂದ ಹೊರಡಿ, ತಿನ್ನುವುದು ಮಾರುವ ಜಾಗವೆಲ್ಲ ಬರೆಯಿರಿ.
ಕೇಳಿದ್ದು ಬೇಡ, ನಡೆದು ನೋಡಿದ್ದು ಬರೆಯಿರಿ.
ಬೆಲೆಯನ್ನೂ ಬರೆಯಿರಿ.

ಸೋಮವಾರ ಬೆಂಚು ಸರಿಸಿ ನೆಲದ ಮೇಲೆ ಏರಿಯಾ ಎಳೆದೆವು,
ರಾಜಕಾಲುವೆ, ನೀರಿನ ಟ್ಯಾಂಕು, ಶಾಲೆ, ಶೆಡ್ಡು.
ಪೊಟ್ಟಣದ ಅಂಗಡಿಗೆ ಕೆಂಪು ಚುಕ್ಕೆ,
ಸೊಪ್ಪು, ಹಣ್ಣು, ಮೊಟ್ಟೆಗೆ ಹಸಿರು.
ಟ್ಯಾಂಕಿನ ಹತ್ತಿರ ಐದು ಕೆಂಪು, ಕಾಲುವೆ ಪಕ್ಕ ಮೂರು,
ನಮ್ಮ ಗೇಟಿಗೆ ಆತುಕೊಂಡೇ ಎರಡು.
ಬಾಗಿಲಿಗೆ ತೋರಣದಂತೆ ತೂಗುವ ಐದು ರೂಪಾಯಿ ಮಾಲೆ,
ಅರ್ಧ ಗಾಳಿ, ಅರ್ಧ ಉಪ್ಪು.
ಮೌನೇಶನ ಕೈಯಲ್ಲಿ ಕೆಂಪು ಸೀಮೆಸುಣ್ಣ ಸವೆದು
ಉಗುರಿಗೆ ಬಂದಿತ್ತು.
ಹಸಿರಿನ ತುದಿ ಇನ್ನೂ ಮುರಿದಿರಲಿಲ್ಲ.

"ತಳ್ಳುಗಾಡಿ ತಾತ ಇದ್ದಾರೆ ಮಿಸ್," ಅಮುದಾ ಅಂದಳು.
"ಹತ್ತಕ್ಕೆ ಬಂದು ಹನ್ನೊಂದಕ್ಕೆ ಹೋಗ್ತಾರೆ.
ಅಮ್ಮ ಏಳಕ್ಕೇ ಗಾರ್ಮೆಂಟ್ಸ್ ವ್ಯಾನು ಹತ್ತಿರ್ತಾರೆ.
ಅರ್ಧ ಚುಕ್ಕೆ ಹಾಕಲಾ?"

ಅರ್ಧ ಚುಕ್ಕೆ ಹಾಕುವುದನ್ನು
ನನಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.
ಉಂಗುರ ಬರೆದು ಒಳಗೆ ಖಾಲಿ ಬಿಟ್ಟೆವು.

ಆಮೇಲೆ ತಬಸ್ಸುಮ್ ತನ್ನ ಅಣ್ಣನ ಗೋಡೌನು ತೋರಿಸಿದಳು.
ಕಿಟಕಿ ಇಲ್ಲದ ಕಟ್ಟಡ. ಮನೆಯಿಂದ ನೂರಿಪ್ಪತ್ತು ಹೆಜ್ಜೆ, ಎಣಿಸಿದ್ದಾಳೆ.
ಅಲ್ಲಿಂದ ಪಾಲಕ್, ಬೆಣ್ಣೆಹಣ್ಣು, ನಾಟಿ ಮೊಟ್ಟೆ
ಹತ್ತು ನಿಮಿಷದಲ್ಲಿ ಹೊರಟು
ಎದುರಿನ ಇಪ್ಪತ್ತೆರಡು ಮಹಡಿ ಲಿಫ್ಟಿನಲ್ಲಿ ಏರುತ್ತವೆ.
"ಇದಕ್ಕೆ ಯಾವ ಬಣ್ಣ ಮಿಸ್?"

ಜಗಳ ಹತ್ತಿಕೊಂಡಿತು.
ಹಸಿರು ಕಣೋ, ಸೊಪ್ಪಿದೆಯಲ್ಲ. ಕೆಂಪು, ನಮಗೆಲ್ಲಿ ಕೊಡ್ತಾರೆ?
ಕೊಡ್ತಾರೆ, ಫೋನಿದ್ರೆ. ಫೋನು ಅಪ್ಪನ ಹತ್ರ ಇರುತ್ತೆ,
ಅಪ್ಪ ಸೈಟಲ್ಲಿರ್ತಾನೆ.
ಬೆಲ್ಲು ಹೊಡೆಯಿತು. ಗಣಿತದ ಮೇಷ್ಟ್ರು ಬಾಗಿಲಲ್ಲಿ ನಿಂತು
ಚಪ್ಪಲಿ ಎಲ್ಲಿಡಬೇಕೆಂದು ನೆಲ ನೋಡಿದರು.

ಒಂದು ಮಾತು ನಾನು ಹೇಳಲಿಲ್ಲ.
ಆವತ್ತು ಬೆಳಿಗ್ಗೆ ಅದೇ ಗೋಡೌನಿನಿಂದ
ನಮ್ಮ ಮನೆಗೆ ಕೊತ್ತಂಬರಿ ಬಂದಿತ್ತು,
ತೊಳೆದು, ಬೇರು ಕತ್ತರಿಸಿ.
ಅವಳ ಅಣ್ಣನೇ ಕಟ್ಟಿದ್ದಿರಬೇಕು.

ಅರ್ಧವಾರ್ಷಿಕದಲ್ಲಿ ಎಂದಿನ ಪ್ರಶ್ನೆ, ಎರಡು ಅಂಕ:
ಸಮತೋಲನ ಆಹಾರ ಎಂದರೇನು?
ಹುಲಿಗೆಮ್ಮ ಬರೆದಿದ್ದಾಳೆ: ಕಾಳು, ಸೊಪ್ಪು, ಹಣ್ಣು, ಹಾಲು
ತಕ್ಕ ಪ್ರಮಾಣದಲ್ಲಿ ಇರುವುದು.
ನಮ್ಮ ಶೆಡ್ಡಿನಿಂದ ಎರಡೂಕಾಲು ಕಿಲೋಮೀಟರ್.
ನಡುವೆ ರಿಂಗ್ ರೋಡು ದಾಟಬೇಕು.
ಮಾದರಿ ಉತ್ತರದಲ್ಲಿ ಮೊದಲ ವಾಕ್ಯ ಮಾತ್ರ ಇದೆ.
ಎರಡಕ್ಕೆ ಎರಡು ಹಾಕಿದೆ. ಕೊನೆಯ ಸಾಲಿನ ಕೆಳಗೆ
ಪೆನ್ನು ಬಹಳ ಹೊತ್ತು ನಿಂತಿತ್ತು, ಶಾಯಿ ಮೂಡಿದೆ.

ಈಗ ಗೋಡೆಯ ವಿಷಯ.
ಬೆಂಚಿನ ಮೇಲೆ ಬೆಂಚು ಇಟ್ಟು ಯಾರೋ ಹತ್ತಿದ್ದಾರೆ.
ಗಾದೆಯ 'ಬಲ್ಲ' ಕಾಣದಂತೆ ಹಸಿರು ತೀಡಿ
ಮೇಲೆ ದಪ್ಪಗೆ 'ಉಳ್ಳ' ಅಂತ ಬರೆದಿದ್ದಾರೆ.
ಊಟ ಉಳ್ಳವನಿಗೆ ರೋಗವಿಲ್ಲ.
ಹೆಡ್‌ಮಾಸ್ಟರು ಬಂದು ನೋಡಿ, ಒರೆಸಿ ಮೇಡಂ ಅಂದರು.
ಬಟ್ಟೆ ಹುಡುಕಿ ಬರ್ತೀನಿ ಸಾರ್ ಅಂದೆ.

ಮೂರು ದಿನವಾಯಿತು.
ಸಿಗಂಗಿಲ್ಲ.